ಮನಸ್ಸಿಗಿಂತ ಮೊದಲು ಮಂಡಿ

ಬೆಳಗ್ಗೆ ಆರೂಕಾಲು. ಹಾಲಿನವನು ಬಂದು ಹೋಗಿದ್ದಾನೆ, ಅಡುಗೆಮನೆಯಲ್ಲಿ ಕುಕ್ಕರ್ ಇನ್ನೂ ಕೂಗಿಲ್ಲ. ಮೊದಲ ಸಲ ಧ್ಯಾನಕ್ಕೆ ಕೂರುವವರಿಗೆ ಇದು ಒಳ್ಳೆಯ ಹೊತ್ತು. ಹೊಟ್ಟೆ ಖಾಲಿ ಇರುತ್ತದೆ, ತಲೆಗೆ ಇನ್ನೂ ಫೋನಿನ ಸುದ್ದಿ ಹೊಕ್ಕಿರುವುದಿಲ್ಲ. ರಾತ್ರಿ ಮುದ್ದೆ ಉಂಡು ಕೂತರೆ ತೂಕಡಿಕೆ ಬಿಟ್ಟು ಬೇರೇನೂ ಆಗದು. ಊಟಕ್ಕೂ ಧ್ಯಾನಕ್ಕೂ ನಡುವೆ ಎರಡು ಗಂಟೆಯಾದರೂ ಬಿಡುವಿರಲಿ. ಮೊದಲ ದಿನಕ್ಕೆ ಹತ್ತು ನಿಮಿಷ ಧಾರಾಳವಾಯಿತು. ಅರ್ಧ ಗಂಟೆ ಕೂತೇ ತೀರುತ್ತೇನೆ ಎಂದು ಹೊರಟವರು ಮೂರನೇ ದಿನ ಕೂರುವುದೇ ಇಲ್ಲ.

ಮನಸ್ಸು ನಿಲ್ಲುವುದಿಲ್ಲ ಎನ್ನುವ ಭಯ ಎಲ್ಲರಿಗೂ ಇರುತ್ತದೆ. ಆದರೆ ಮೊದಲು ತಕರಾರು ತೆಗೆಯುವುದು ಮಂಡಿ. ಬರೀ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದರೆ ಕುರ್ಚಿಗೆ ಒಗ್ಗಿದ ಮೈಯಲ್ಲಿ ಮಂಡಿಗಳೆರಡೂ ಸೊಂಟಕ್ಕಿಂತ ಮೇಲೆ ನಿಲ್ಲುತ್ತವೆ. ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಬಿಲ್ಲಾಗುತ್ತದೆ, ಮೂರ್ನಾಲ್ಕು ನಿಮಿಷದಲ್ಲೇ ಸೊಂಟದ ಮೇಲ್ಭಾಗ ಹಿಡಿದುಕೊಳ್ಳುತ್ತದೆ. ಒಂದು ಕಂಬಳಿಯನ್ನು ನಾಲ್ಕಿಂಚು ಎತ್ತರಕ್ಕೆ ಮಡಿಸಿ, ಅದರ ಮುಂದಿನ ಅರ್ಧದಲ್ಲಷ್ಟೇ ಕುಳಿತರೆ ಮಂಡಿಗಳು ತಾವಾಗಿ ಕೆಳಗಿಳಿಯುತ್ತವೆ, ಬೆನ್ನು ಬಲವಂತವಿಲ್ಲದೆ ನೆಟ್ಟಗಾಗುತ್ತದೆ. ಮಲಗುವ ದಿಂಬು ಬೇಡ, ಭಾರ ಬಿದ್ದೊಡನೆ ಕುಸಿಯುತ್ತದೆ. ಮಂಡಿ ನೆಲ ಮುಟ್ಟದೆ ತೂಗಾಡುತ್ತಿದ್ದರೆ ಅದರಡಿ ಟವೆಲ್ ಸುರುಳಿ ಸುತ್ತಿಡಿ. ಗೀತೆಯ ಆರನೇ ಅಧ್ಯಾಯ ಕೂಡ ಆಸನ ತೀರಾ ಎತ್ತರವಿರಬಾರದು, ತೀರಾ ತಗ್ಗೂ ಇರಬಾರದು ಎನ್ನುತ್ತದೆ. ದರ್ಭೆ, ಚರ್ಮ, ಬಟ್ಟೆ ಒಂದರ ಮೇಲೊಂದು ಹಾಸಲು ಹೇಳುತ್ತದೆ. ಕೂತು ನೋಡಿದವರ ಮಾತು ಅದು.

ಪದ್ಮಾಸನದ ಹಟ ಬಿಡಿ. ತೊಡೆಯ ಬುಡದ ಕೀಲು ತಿರುಗದಿದ್ದಾಗ ಆ ತಿರುಚು ಪೂರಾ ಮಂಡಿಗೆ ಬೀಳುತ್ತದೆ, ಮಂಡಿ ಅದಕ್ಕೆಂದು ಆದದ್ದಲ್ಲ. ನೆಲವೇ ಆಗದವರು ಕುರ್ಚಿಯಲ್ಲಿ ಕೂರಲಿ: ಬೆನ್ನು ಒರಗಿಸದೆ, ಪಾದ ಪೂರ್ತಿ ನೆಲಕ್ಕೆ ತಾಗುವಂತೆ. ಕಾಲು ಎಟುಕದಿದ್ದರೆ ಮಣೆ ಇದೆಯಲ್ಲ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹತ್ತು ನಿಮಿಷಕ್ಕೆ ಮೆಲುವಾದ ಗಂಟೆ ಇಟ್ಟು, ಕೈಗೆ ಸಿಗದಷ್ಟು ದೂರ ಇಡಿ. ಇನ್ನೆಷ್ಟಿದೆ ಎಂದು ನೋಡುವ ಚಪಲಕ್ಕೆ ಇದೇ ಮದ್ದು.

ಕಣ್ಣು ಮುಚ್ಚಿದ ಕೂಡಲೇ ಆಗುವ ಮೊದಲ ತಪ್ಪೆಂದರೆ ಉಸಿರನ್ನು ಎಳೆದೆಳೆದು ಬಿಡುವುದು. ಹೀಗೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ತಲೆ ಹಗುರವಾಗುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಕೆಲವರು ಅದನ್ನೇ ‘ಏನೋ ಅನುಭವ ಆಯ್ತು’ ಎಂದುಕೊಳ್ಳುವುದೂ ಉಂಟು! ಬೇಕಿದ್ದರೆ ಶುರುವಿನ ಮೂರು ಉಸಿರನ್ನು ಮಾತ್ರ ನಿಧಾನವಾಗಿ, ಒಳಗೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುವುದು ಶರೀರದ ಸಹಜ ಗುಣ. ಆಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟು, ಮೂಗಿನ ಹೊಳ್ಳೆಯ ಅಂಚಿನಲ್ಲಿ ತಂಪಾಗಿ ಒಳಬಂದು ಬೆಚ್ಚಗೆ ಹೊರಹೋಗುವುದನ್ನು ಗಮನಿಸಿದರಾಯಿತು. ನೆಗಡಿಯಾಗಿ ಮೂಗು ಕಟ್ಟಿದೆಯೆ? ಹೊಟ್ಟೆ ಉಬ್ಬಿ ಇಳಿಯುವುದನ್ನು ಗಮನಿಸಿ.

ಪ್ರತಿ ಸಲ ಉಸಿರು ಹೊರಹೋದಾಗ ಒಂದೊಂದು ಎಣಿಕೆ. ಹತ್ತಕ್ಕೆ ಬಂದ ಮೇಲೆ ಮತ್ತೆ ಒಂದು. ಇಷ್ಟು ಸುಲಭದ ಲೆಕ್ಕ ಮೊದಲ ದಿನ ಹತ್ತು ಮುಟ್ಟುವುದೇ ಅಪರೂಪ. ಮೂರಕ್ಕೆ ಕರೆಂಟ್ ಬಿಲ್ಲು, ನಾಲ್ಕಕ್ಕೆ ಆಫೀಸಿನ ಮೀಟಿಂಗು, ಆಮೇಲೆ ಲೆಕ್ಕವೇ ನಾಪತ್ತೆ. ಇನ್ನು ಕೆಲವರು ಹದಿನೇಳು, ಹದಿನೆಂಟು ಎಂದು ಎಣಿಸುತ್ತಲೇ ಇರುತ್ತಾರೆ; ಬಾಯಿಪಾಠ ಓಡುತ್ತಿದೆ, ಗಮನ ಎಂದೋ ಎದ್ದು ಹೋಗಿದೆ. ಹತ್ತಕ್ಕೆ ನಿಲ್ಲಿಸುವ ನಿಯಮ ಇರುವುದು ಈ ಕಳ್ಳತನ ಸಿಕ್ಕಿಬೀಳಲಿ ಎಂದೇ. ತಪ್ಪಿತು ಎಂದು ಗೊತ್ತಾದ ಕ್ಷಣ ಮನಸ್ಸಿನಲ್ಲೇ ‘ಯೋಚನೆ’ ಎಂದು ಹೆಸರಿಟ್ಟು ಒಂದರಿಂದ ಶುರುಮಾಡಬೇಕು. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಹೀಗಾದರೆ ಇಪ್ಪತ್ತು ಸಲ ಮರಳಿ ಬಂದಿರಿ ಎಂದಾಯಿತು, ಆ ದಿನದ ಕಸರತ್ತು ಅದೇ. ತನ್ನನ್ನು ತಾನೇ ಬೈದುಕೊಳ್ಳುತ್ತ ಕೂತರೆ ಅದೂ ಇನ್ನೊಂದು ಯೋಚನೆಯೇ.

ಮೂಗು ತುರಿಸುತ್ತದೆ. ತಕ್ಷಣ ಕೈ ಎತ್ತದೆ ಐದು ಉಸಿರು ಕಾದು ನೋಡಿ, ಎಷ್ಟೋ ಸಲ ತುರಿಕೆ ತಾನೇ ಹೋಗುತ್ತದೆ. ಸೊಳ್ಳೆಯಾದರೆ ಓಡಿಸಿ, ಅದರಲ್ಲಿ ಸಾಧನೆಯೇನಿಲ್ಲ. ಎಂಟನೇ ನಿಮಿಷದ ಹೊತ್ತಿಗೆ ಪಾದ ಜೋಮು ಹಿಡಿದೀತು. ಮಡಿಸಿದ ಕಾಲಿನಲ್ಲಿ ನರ ಒತ್ತಿಕೊಂಡಿದೆ, ಅಷ್ಟೆ. ಜೋಮನ್ನು ಸಹಿಸಿ ಕೂರಬೇಕಿಲ್ಲ, ಕಾಲು ಬದಲಿಸಿ. ಮಂಡಿಯೊಳಗೆ ಚುಚ್ಚುವ ನೋವು ಬಂದರಂತೂ ಒಂದು ಕ್ಷಣವೂ ಬೇಡ.

ಕಣ್ಣು ಮುಚ್ಚಿದಷ್ಟೂ ಎದೆ ಡವಡವ ಎನ್ನುವವರೂ ಇದ್ದಾರೆ. ಅವರು ಕಣ್ಣು ಅರೆ ತೆರೆದು, ಎದುರಿನ ನೆಲದ ಒಂದು ಜಾಗ ನೋಡುತ್ತ, ಗಮನವನ್ನು ಉಸಿರಿನಿಂದ ಪಾದಗಳಿಗೆ ಇಳಿಸಲಿ. ಆದರೂ ತಗ್ಗದಿದ್ದರೆ ಎದ್ದುಬಿಡುವುದೇ ಸರಿ. ಹಳೆಯ ಆಘಾತ, ಖಿನ್ನತೆಗೆ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಇದನ್ನೆಲ್ಲ ಬಿಟ್ಟು ನೇರ ಹತ್ತು ದಿನದ ವಿಪಶ್ಯನ ಶಿಬಿರಕ್ಕೇ ಹೆಸರು ಕೊಡುವವರಿದ್ದಾರೆ. ಧ್ಯಾನ ಗುರು ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತದಲ್ಲಿ ಕಲಿಸಲು ಆರಂಭಿಸಿದ ಪದ್ಧತಿ ಅದು. ಅಲ್ಲಿ ಬೆಳಗ್ಗೆ 4ಕ್ಕೆ ಗಂಟೆ, ದಿನಕ್ಕೆ ಹತ್ತು ತಾಸಿನಷ್ಟು ಕೂರುವುದು, ಮಾತಿಲ್ಲ. ಮೊದಲ ಮೂರು ದಿನ ಪೂರ್ತಿ ಆನಾಪಾನ, ಅಂದರೆ ಈ ಮೂಗಿನ ತುದಿಯ ಉಸಿರೇ. ಎಣಿಕೆಗೆ ಮಾತ್ರ ಅಲ್ಲಿ ಜಾಗವಿಲ್ಲ. ಹೋಗುವವರು ಹೋಗಲಿ, ಆದರೆ ಒಂದೆರಡು ತಿಂಗಳು ಮನೆಯಲ್ಲಿ ಕೂತು ಮಂಡಿ ಪಳಗಿಸಿಕೊಂಡು ಹೋದರೆ ಒಳ್ಳೆಯದು.

ಗಂಟೆ ಬಾರಿಸಿತು. ಧಡಕ್ಕನೆ ಏಳಬೇಡಿ, ಜೋಮು ಹಿಡಿದ ಕಾಲು ಮಡಿಚಿಕೊಂಡೀತು. ಬೆರಳು ಆಡಿಸಿ, ಕಾಲು ಚಾಚಿ, ಮೀನಖಂಡ ತಿಕ್ಕಿ, ಅರ್ಧ ನಿಮಿಷ ಬಿಟ್ಟು ಎದ್ದೇಳಿ. ಕಂಬಳಿಯನ್ನು ಬೀರುವಿನೊಳಗೆ ಇಡುವುದು ಬೇಡ. ನಾಳೆ ಆರೂಕಾಲಿಗೆ ಕಣ್ಣಿಗೆ ಬೀಳುವಂತೆ, ಮಡಿಕೆ ಬಿಚ್ಚದೆ, ಅಲ್ಲೇ ಗೋಡೆ ಬದಿಗೆ ಸರಿಸಿಡಿ.