ಮೊದಲ ಕಲ್ಲು ಸಾವಿರದ್ದೇ ಇರಲಿ

ಸಾಣೆಕಲ್ಲು ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು 8000 ಗ್ರಿಟ್‌ನ ನುಣುಪು ಕಲ್ಲಿನ ಮೇಲೆ. (ಗ್ರಿಟ್ ಅಂದರೆ ಕಲ್ಲಿನ ಕಣದ ಅಳತೆ; ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು.) ಬೇಡ. ಅಡುಗೆಮನೆಯ ಸಾಮಾನ್ಯ ಸ್ಟೀಲ್ ಚಾಕುವಿಗೆ ಜಪಾನಿ ಅಳತೆಯ 1000 ಗ್ರಿಟ್ ಒಂದೇ ಸಾಕು. ಟೊಮೆಟೊ ಸಿಪ್ಪೆಯನ್ನು ಕಚ್ಚಲು ಅಂಚಿನಲ್ಲಿ ಸ್ವಲ್ಪ ತರಿ ಉಳಿಯಬೇಕು. ಕನ್ನಡಿ ಮಾಡಿದರೆ ಜಾರುತ್ತದೆ. ಬಾಯಿ ಮುಕ್ಕಾಗಿದ್ದರಷ್ಟೇ 400ರದ್ದು.

ನೀರು ಹೀರುವ ಕಿಂಗ್ ಬ್ರ್ಯಾಂಡಿನ 1000ದ ಕಲ್ಲನ್ನು ಗುಳ್ಳೆ ನಿಲ್ಲುವವರೆಗೆ, ಸುಮಾರು 10 ನಿಮಿಷ, ನೆನೆಸಿ. ಶಾಪ್ಟನ್ ಪ್ರೋ ಬ್ರ್ಯಾಂಡಿನ ಕಲ್ಲಿಗೆ ನೀರು ಚಿಮುಕಿಸಿದರಾಯಿತು. ಇದನ್ನು ಬಕೆಟ್ಟಿನಲ್ಲಿ ಬಿಟ್ಟು ಮರೆತರೆ ಬಿರುಕು ಬಿಟ್ಟೀತು.

5 ಸೆಂ.ಮೀ. ಅಗಲದ ಅಲಗಿನ ಬೆನ್ನನ್ನು 13 ಮಿ.ಮೀ. ಎತ್ತಿ ಹಿಡಿದರೆ 15 ಡಿಗ್ರಿ. ಇನ್ನೊಂದು ಮಗ್ಗುಲಿನಲ್ಲಿ, ಹಿಡಿಯಿಂದ ತುದಿಯವರೆಗೂ, ಬೆರಳಿಗೆ ಸಣ್ಣ ಏಣು ತಡೆಯುವ ತನಕ ಮಗುಚಬೇಡಿ. ‘ಎಷ್ಟು ಉಜ್ಜಿದರೂ ಹರಿತ ಆಗ್ತಿಲ್ಲ’ ಅನ್ನುವವರು ಎಡವುವುದು ಇಲ್ಲೇ. ಉಜ್ಜುವಾಗ ಏಳುವ ಕೆಸರನ್ನೂ ತೊಳೆಯಬೇಡಿ, ಅದೂ ಕೆಲಸ ಮಾಡುತ್ತದೆ.

ಕಲ್ಲು ಸವೆಯುತ್ತದೆ ಎಂದು ಗೊಣಗುತ್ತೇವೆ. ಸವೆಯದ ಕಲ್ಲಿಗೆ ಜಿಡ್ಡುಗಟ್ಟಿದ ಹೊಳಪು ಬಂದು ಚಾಕು ಸುಮ್ಮನೆ ಜಾರುತ್ತದೆ, ಅಷ್ಟೆ. ನಡುವೆ ಹಳ್ಳ ಬಿದ್ದರೆ ಪೆನ್ಸಿಲ್ಲಿನಲ್ಲಿ ಚೌಕುಳಿ ಗೀಚಿ; ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಹಾಕಿ, ಗೀರು ಪೂರ್ತಿ ಅಳಿಯುವಷ್ಟು ತಿಕ್ಕಿ.

ಈಳಿಗೆಮಣೆಗೆ ಮಾತ್ರ ಈ ಲೆಕ್ಕ ಹಿಡಿಯಬೇಡಿ. ಅಲ್ಲಿ ಅಲಗು ಕೂತಿರುತ್ತದೆ, ಕಲ್ಲೇ ಓಡಾಡಬೇಕು.