ಅತ್ತೆಯ ಕ್ಯಾಲೆಂಡರ್, ನಮ್ಮ ಶೀಟು

ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ತಾರೀಖಿನ ಕೆಳಗೂ ಪೆನ್ಸಿಲ್‌ನಲ್ಲಿ ಒಂದು ಅಂಕಿ ಇರುತ್ತದೆ. 1 ಅಂದರೆ ಆವತ್ತು ಒಂದು ಲೀಟರ್ ಹಾಲು. ನೆಂಟರು ಬಂದ ದಿನ 2. ಊರಿಗೆ ಹೋಗಿದ್ದ ದಿನ ಸೊನ್ನೆ. ತಿಂಗಳ ಕೊನೆಗೆ ಅತ್ತೆ ಬೆರಳು ಮಡಚಿ ಕೂಡಿಸುತ್ತಾರೆ. ಹಾಲಿನವರ ಲೆಕ್ಕಕ್ಕೂ ಅದಕ್ಕೂ ಒಂದು ರೂಪಾಯಿ ಹೆಚ್ಚು ಕಡಿಮೆ ಆಗುವುದಿಲ್ಲ.

ಉಳಿದ ಖರ್ಚಿಗೆ ನಾನು ಕಳೆದ ವರ್ಷ ಒಂದು ಆ್ಯಪ್ ಹಾಕಿಕೊಂಡಿದ್ದೆ. ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ತಾನೇ ಖರ್ಚು ಬರೆದುಕೊಳ್ಳುವಂಥದ್ದು. ಎರಡನೇ ತಿಂಗಳು ಖರ್ಚು ಸಂಬಳಕ್ಕಿಂತ ಜಾಸ್ತಿ ತೋರಿಸಿತು. ಗಾಬರಿಯಾಗಿ ಒಂದೊಂದೇ ಸಾಲು ನೋಡಿದೆ. ಕ್ರೆಡಿಟ್ ಕಾರ್ಡ್‌ನಲ್ಲಿ ತೆಗೆದುಕೊಂಡ ಮಿಕ್ಸಿಯ 4,200 ರೂಪಾಯಿ ಒಂದು ಸಲ, ಕಾರ್ಡಿನ ಬಿಲ್ ಕಟ್ಟಿದಾಗ ಅದೇ ದುಡ್ಡು ಇನ್ನೊಂದು ಸಲ. ಯಜಮಾನರ ಖಾತೆಗೆ ನಾನು ಹಾಕಿದ್ದೂ ಖರ್ಚೇ. ದೇವರಾಜ ಮಾರುಕಟ್ಟೆಯಲ್ಲಿ ನಗದು ಕೊಟ್ಟು ತಂದ ತರಕಾರಿ, ಹೂವು, ಬಾಳೆಲೆ ಮಾತ್ರ ಎಲ್ಲೂ ಇಲ್ಲ. ಅದೂ ಅಲ್ಲದೆ ಒಟಿಪಿ ಬರುವುದೂ ಎಸ್ಸೆಮ್ಮೆಸ್‌ನಲ್ಲೇ ಅಲ್ವಾ? ನಮ್ಮ ಮೆಸೇಜನ್ನೆಲ್ಲ ಇನ್ನೊಬ್ಬರಿಗೆ ಓದಲು ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ತೆಗೆದುಹಾಕಿದೆ.

ಈಗ ಗೂಗಲ್ ಫಾರ್ಮ್, ಅಂದರೆ ಫೋನಿನಲ್ಲೇ ತುಂಬುವ ಪ್ರಶ್ನೆಪಟ್ಟಿ. ಮೂರೇ ಪ್ರಶ್ನೆ: ಎಷ್ಟು, ಯಾವುದಕ್ಕೆ, ಯಾರು ಕೊಟ್ಟಿದ್ದು. ಮೂರನೆಯದಕ್ಕೆ ಅಜ್ಜಿ, ಅಪ್ಪ, ಅಮ್ಮ ಅಂತ ಮಗಳು ಕರೆಯುವ ಹೆಸರುಗಳೇ. ಮೂವರ ಫೋನಿನಲ್ಲೂ ಲಿಂಕ್ ಇಟ್ಟಿದ್ದೇನೆ. ತುಂಬಿದ್ದು ತಾರೀಖು, ಟೈಮಿನ ಜೊತೆ ನೇರ ಆನ್‌ಲೈನ್ ಲೆಕ್ಕದ ಹಾಳೆಯಾದ ಗೂಗಲ್ ಶೀಟ್ಸ್‌ಗೆ ಬಂದು ಕೂರುತ್ತದೆ. ಪಕ್ಕದ ಹಾಳೆಯಲ್ಲಿ ಒಂದೇ ಹೆಸರಿನ ಖರ್ಚನ್ನೆಲ್ಲ ಕೂಡಿಸುವ ಸಮ್‌ಇಫ್ ಸೂತ್ರ ಹಾಕಿದ್ದೇನೆ, ತರಕಾರಿ, ಔಷಧಿ, ಪೆಟ್ರೋಲ್ ಬೇರೆ ಬೇರೆ ಕೂಡಿ ಬರುತ್ತದೆ. ಮೊದಲು ‘ಯಾವುದಕ್ಕೆ’ ಅನ್ನುವುದನ್ನು ಅವರವರೇ ಬರೆಯಲಿ ಅಂತ ಬಿಟ್ಟಿದ್ದೆ. ಅತ್ತೆ ‘ಸೊಪ್ಪು’ ಅಂದರು, ಯಜಮಾನರು ‘ತರಕಾರಿ’, ನಾನು ‘ಮಾರ್ಕೆಟ್’. ಒಂದೇ ಖರ್ಚು ಮೂರು ಲೆಕ್ಕವಾಯಿತು. ಈಗ ಹನ್ನೊಂದು ಹೆಸರಿನ ಪಟ್ಟಿಯಿದೆ, ಒತ್ತಿದರೆ ಸಾಕು.

ಮಗಳ ಶಾಲೆ ಫೀಸು ಜೂನ್‌ನಲ್ಲಿ ಒಂದೇ ಸಲ 48,000. ಅದನ್ನು ತಿಂಗಳಿಗೆ 4,000 ಅಂತ ಮೊದಲೇ ತೆಗೆದಿಡುತ್ತೇವೆ. ಶೀಟಿನಲ್ಲಿ ಅದಕ್ಕೇ ಒಂದು ಸಾಲು.

ಅಮೆರಿಕದಲ್ಲಿ ತುಂಬಾ ಜನ ಬಳಸುತ್ತಿದ್ದ ಮಿಂಟ್ ಎಂಬ ಬಜೆಟ್ ಆ್ಯಪ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಯಾವುದು ಎಷ್ಟು ದಿನವೋ! ಅದಕ್ಕೇ ತಿಂಗಳಿಗೊಮ್ಮೆ ಶೀಟನ್ನು ಬೇರೆ ಲೆಕ್ಕದ ಪ್ರೋಗ್ರಾಮಿನಲ್ಲೂ ತೆರೆಯುವ ಸಿಎಸ್‌ವಿ ಫೈಲಾಗಿ ಇಳಿಸಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳುತ್ತೇನೆ.

ಕಳೆದ ಶುಕ್ರವಾರ ಆಫೀಸಿನಲ್ಲಿ ಶೀಟ್ ತೆರೆದೆ. ಬೆಳಿಗ್ಗೆ 7.10ಕ್ಕೆ ಒಂದು ಹೊಸ ಸಾಲು: 40, ಹೂವು, ಅಜ್ಜಿ. ಯಾರೂ ಹೇಳಿಕೊಡದೆ ಅತ್ತೆ ತಾವೇ ತುಂಬಿದ್ದರು. ಹಾಲು ಮಾತ್ರ ಇನ್ನೂ ಕ್ಯಾಲೆಂಡರ್‌ನಲ್ಲೇ ಇದೆ. ತಿಂಗಳ ಕೊನೆಗೆ ಅವರು ಒಟ್ಟು ಹೇಳುತ್ತಾರೆ, ನಾನು ಹಾಕುತ್ತೇನೆ.