ದೂರದೇಶದಲ್ಲಿ ದುಃಖ ಬಂದಾಗ

ಹೊರದೇಶದಲ್ಲಿರುವವರಿಗೆ ಸಾವಿನ ಸುದ್ದಿ ಫೋನಿನಲ್ಲೇ ಬರುತ್ತದೆ. ಅಮ್ಮ ತೀರಿಕೊಂಡಾಗ ನನಗೂ ಹಾಗೇ ಬಂತು. ಮಣ್ಣು ಮಾಡುವ ಹೊತ್ತಿಗೆ ನಾನು ಬಂದು ತಲುಪುವ ಹಾಗಿರಲಿಲ್ಲ. ಪ್ರಾರ್ಥನೆಯನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಅದು ಮುಗಿದ ಮೇಲೆ ಮನೆಯಲ್ಲಿ ನಾನೊಬ್ಬಳೇ. ನಮ್ಮಲ್ಲಿ ಸಾವಾಗಿದೆ ಅಂತ ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ.

ಆ ವಾರ ನನಗೆ ಬಂದ ಮೆಸೇಜುಗಳಲ್ಲಿ ಬೈಬಲಿನ ಯೆರೆಮೀಯ 29:11 ಜಾಸ್ತಿ ಇತ್ತು. ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ ವಚನ. ಕಳಿಸಿದವರ ಪ್ರೀತಿ ದೊಡ್ಡದು. ಆದರೆ ಆ ಅಧ್ಯಾಯವನ್ನು ಮೊದಲಿಂದ ಓದಿದಾಗ ಬೇರೇನೋ ಸಿಕ್ಕಿತು. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಹಿಂದಿನ ವಚನದಲ್ಲೇ, ಊರಿಗೆ ಮರಳುವುದು 70 ವರ್ಷ ಆದ ಮೇಲೆ ಅಂತ ಇದೆ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅಂತ ಹೇಳಿದೆ. ಪತ್ರ ಕೇಳಿದ ಎಷ್ಟೋ ಜನ ಮತ್ತೆ ಯೆರೂಸಲೇಮನ್ನು ನೋಡದೇ ತೀರಿಕೊಂಡಿರಬೇಕು. ಆದರೂ ದೇವರು ಅವರನ್ನು ಮರೆತಿರಲಿಲ್ಲ. ಪರದೇಶದಲ್ಲಿದ್ದಾಗಲೇ ಅವರನ್ನು ಮಾತಾಡಿಸಿದ. ಹೀಗೆ ಓದಿದ ಮೇಲೆ ಆ ವಚನ ನನಗೆ ಇನ್ನೂ ಹತ್ತಿರವಾಯಿತು.

ನಂಬಿಕೆ ಇರುವವರು ಅಳಬಾರದು ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದೇ ಇಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಗೋಳಾಟವೇ. 13ನೆಯದು ‘ಇನ್ನೆಷ್ಟು ಕಾಲ?’ ಅಂತ ದೇವರನ್ನೇ ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಅದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ ಅಲ್ವಾ! ಸತ್ತಿದ್ದ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಸ್ವಾಮಿ ಅತ್ತರು. ಅವನ ಅಕ್ಕತಂಗಿಯರಲ್ಲಿ ಒಬ್ಬಳಾದ ಮರಿಯಳು ಅಳುವುದನ್ನು ನೋಡಿ ಅತ್ತರು. ಶಿಲುಬೆಯ ಮೇಲೆ, ನನ್ನನ್ನು ಯಾಕೆ ಕೈಬಿಟ್ಟೆ ಅಂತ 22ನೆಯ ಕೀರ್ತನೆಯ ಮಾತಿನಲ್ಲೇ ಕೂಗಿದರು. ನನ್ನ ಅಳು ಅವರಿಗೆ ಹೊಸದಲ್ಲ. ಅಷ್ಟು ಗೊತ್ತಾದ ಮೇಲೆ ನಾನು ಧೈರ್ಯವಾಗಿ ಅತ್ತೆ.

ಇಲ್ಲಿನ ಚರ್ಚ್ ಸಭೆಯಿಂದ ಒಬ್ಬ ವಯಸ್ಸಾದ ತಾಯಿ ಮನೆಗೆ ಬಂದರು. ಗಂಡನನ್ನು ಕಳಕೊಂಡವರು. ಬುದ್ಧಿ ಹೇಳಲಿಲ್ಲ, ಕಾರಣ ಹುಡುಕಲಿಲ್ಲ. ಸಂಜೆಯವರೆಗೂ ಸುಮ್ನೆ ಪಕ್ಕದಲ್ಲಿ ಕೂತಿದ್ದರು. ಹೊರಡುವಾಗ ಅಮ್ಮನ ಹೆಸರು ಕೇಳಿ, ಆ ಹೆಸರು ಹೇಳಿ ದೇವರಿಗೆ ಸ್ತೋತ್ರ ಮಾಡಿದರು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ಯೋಬನ ಸ್ನೇಹಿತರು ಮಾಡಿದ ಒಳ್ಳೆಯ ಕೆಲಸವೂ ಇದೇ. ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಆಮೇಲೆ ಅವರು ಆಡಿದ ಮಾತಿಗೆ ದೇವರು ಸಿಟ್ಟಾದರು.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಸಾಯುತ್ತಿರುವವರ ಆರೈಕೆಯ ಮನೆ) ತೆರೆದ ಡಾಕ್ಟರ್ ಸಿಸಿಲಿ ಸಾಂಡರ್ಸ್ ಕೂಡ ಕ್ರೈಸ್ತರು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಶಿಷ್ಯರಿಗೆ ‘ನನ್ನ ಜೊತೆ ಎಚ್ಚರವಾಗಿರಿ’ ಅಂದರಲ್ಲ, ಆ ಮಾತನ್ನೇ ಅವರು ತಮ್ಮ ಕೆಲಸದ ಬುನಾದಿ ಮಾಡಿಕೊಂಡರು. ಸಾಯುತ್ತಿರುವವರ ನೋವಿಗೆ ಔಷಧಿಯೂ ಬೇಕು, ಪಕ್ಕದಲ್ಲಿ ಮನುಷ್ಯರೂ ಬೇಕು ಅಂತ ನಂಬಿದ್ದರು.

ಹಾಗಾದರೆ ನಿರೀಕ್ಷೆ ಎಲ್ಲಿದೆ? ಅಪೊಸ್ತಲ ಪೌಲ ಥೆಸಲೊನೀಕ ಪಟ್ಟಣದ ಸಭೆಯವರಿಗೆ ದುಃಖಪಡಬೇಡಿ ಅಂತ ಬರೆಯಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ. ಯೇಸು ಸತ್ತು ಎದ್ದಿದ್ದಾರೆ, ಅವರನ್ನು ನಂಬಿ ತೀರಿಕೊಂಡವರೂ ಏಳುತ್ತಾರೆ. ನಾನು ಹಿಡಿದುಕೊಂಡಿರುವುದು ಇದನ್ನೇ. ಕೊನೆಯ ಸಲ ಅಮ್ಮನ ಮುಖ ನೋಡಲಿಲ್ಲ ಅನ್ನುವ ಸಂಕಟ ಹೋಗಿಲ್ಲ. ಆದರೆ ಅದು ಕೊನೆಯ ಸಲ ಅಲ್ಲ ಅಂತ ನಂಬುತ್ತೇನೆ.

ಊರಲ್ಲಿರುವ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮವರು ಯಾರಾದರೂ ಹೊರಗಿದ್ದು ದುಃಖದಲ್ಲಿದ್ದರೆ, ವಚನ ಕಳಿಸಿ, ಜೊತೆಗೆ ಫೋನೂ ಮಾಡಿ. ‘ಎಲ್ಲಾ ದೇವರ ಚಿತ್ತ’ ಅಂತ ಬೇಗ ಮುಗಿಸಬೇಡಿ. ಹೋದವರ ಬಗ್ಗೆ ಮಾತಾಡಿಸಿ. ಅವರು ಅತ್ತರೆ ಅಳಲಿ, ಫೋನ್ ಇಡಬೇಡಿ. ಮೊದಲ ವಾರ ಎಲ್ಲರೂ ಮಾಡುತ್ತಾರೆ. ಎರಡು ಮೂರು ತಿಂಗಳಾದ ಮೇಲೆ ಯಾರೂ ಮಾಡುವುದಿಲ್ಲ. ಆಗ ನೀವು ಮಾಡಿ.